ಅಡ್ಡಗೋಡೆಯ ಮೇಲಿನ ದೀಪ

ಕೇಳುಗರಿಗೆ ನಮಸ್ಕಾರ. ಹನ್ನೆರಡು ದಾಟಿದೆ, ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಈಗ ಕುಕ್ಕರ್ ಕೂಗುತ್ತಿರಬಹುದು. ಒಲೆ ಸಣ್ಣ ಮಾಡಿ ಬನ್ನಿ, ಅವಸರವಿಲ್ಲ. ನಾನು ಹೇಳಬೇಕಾದದ್ದು ಒಂದೇ ಮಾತು. ಅದನ್ನೇ ಹದಿನೈದು ನಿಮಿಷ ತಿರುವಿ ಮುರುವಿ ಹೇಳುತ್ತೇನೆ. ನಡುವೆ ಎದ್ದು ಹೋದರೂ ನಿಮಗೇನೂ ನಷ್ಟವಿಲ್ಲ.

ಆ ಮಾತು ಇದು. ಬೇಡ ಅನ್ನಿಸಿದರೆ ಬೇಡ ಅಂತ ಹೇಳಿಬಿಡಿ. ಮೂರು ದಿನದೊಳಗೆ ಹೇಳಿಬಿಡಿ.

ನನಗೆ ಕೊಟ್ಟಿದ್ದ ವಿಷಯ 'ಮದುವೆಗೆ ಮುಂಚಿನ ಒಡನಾಟದಲ್ಲಿ ಶಿಷ್ಟಾಚಾರ'. ಶಿಷ್ಟಾಚಾರ ಅನ್ನುವ ಪದ ಕೇಳಿದರೇ ನನಗೆ ಆಕಳಿಕೆ ಬರುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿದೆ, ಈಗ ಮಕ್ಕಳ ಮದುವೆಯ ಚಿಂತೆ ಹೊತ್ತು ಬರುವ ಅಪ್ಪ ಅಮ್ಮಂದಿರ ಜೊತೆ, ಒಮ್ಮೊಮ್ಮೆ ಆ ಮಕ್ಕಳ ಜೊತೆಯೇ ಕೂತು ಮಾತಾಡುತ್ತೇನೆ. ಮನಶ್ಶಾಸ್ತ್ರದವರಿಗೂ ಮೈಸೂರಿನ ರೇಡಿಯೋಗೂ ಹಳೆಯ ನೆಂಟಸ್ತಿಕೆ ಇದೆ, ಗೊತ್ತಲ್ಲ? 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರು ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಪ್ರಸಾರ ಶುರುಮಾಡಿದರು. ಆಕಾಶವಾಣಿ ಅನ್ನುವ ಹೆಸರು ಹಬ್ಬಿದ್ದೂ ಆ ಮನೆಯಿಂದಲೇ. ಹಾಗಾಗಿ ಈ ಮೈಕಿನ ಮುಂದೆ ಕೂತರೆ ನನಗೆ ತವರಿಗೆ ಬಂದ ಸಲುಗೆ. ಸ್ವಲ್ಪ ಗದರಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಾವು ಕನ್ನಡದವರು 'ಇಲ್ಲ' ಅನ್ನುವುದಕ್ಕೆ ಎಷ್ಟು ಹೆದರುತ್ತೇವೆ ನೋಡಿ. ಯಾರದಾದರೂ ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತೇವೆ. ಡಬ್ಬಿಯಲ್ಲಿ ಅಕ್ಕಿ ಮುಗಿದಿದ್ದರೆ ನಮ್ಮಜ್ಜಿ 'ಅಕ್ಕಿ ತುಂಬಿದೆ' ಅನ್ನುತ್ತಿದ್ದರು. ಅಂಗಡಿಯವನು ಸಾಲ ಕೊಡುವುದಿಲ್ಲ ಅಂತ ಬರೆಸುವುದಿಲ್ಲ, 'ಇಂದು ನಗದು, ನಾಳೆ ಸಾಲ' ಅಂತ ಬರೆಸುತ್ತಾನೆ. ಅಷ್ಟೇಕೆ, ತೊಂಬತ್ತರ ದಶಕದಲ್ಲಿ ಒಂದು ದೆವ್ವದ ಸುದ್ದಿ ಹಬ್ಬಿತ್ತಲ್ಲ, ರಾತ್ರಿ ಬಂದು ಮನೆಯವರ ದನಿಯಲ್ಲೇ ಕೂಗಿ ಬಾಗಿಲು ಬಡಿಯುತ್ತದೆ ಅಂತ? ಬೆಂಗಳೂರಿನ ಬೀದಿಗಳಲ್ಲೂ ಹಳ್ಳಿಗಳಲ್ಲೂ ಜನ ಬಾಗಿಲ ಮೇಲೆ ಏನು ಬರೆದರು? 'ನಾಳೆ ಬಾ'. ದೆವ್ವಕ್ಕೆ ಕೂಡ 'ಬರಬೇಡ' ಅನ್ನಲು ನಮಗೆ ಬಾಯಿ ಬರಲಿಲ್ಲ ಸ್ವಾಮಿ!

ಇದಕ್ಕೆ ನಮ್ಮಲ್ಲೇ ಒಳ್ಳೆಯ ಮಾತಿದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಈ ಕೋಣೆಗೂ ಬೆಳಕು, ಆ ಕೋಣೆಗೂ ಬೆಳಕು, ಎರಡರಲ್ಲೂ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ದೆವ್ವಕ್ಕೂ ಸಾಲ ಕೇಳುವವನಿಗೂ ಇದು ನಡೆದೀತು. ಹೆಣ್ಣು ನೋಡಿ ಬಂದ ಮನೆಗೆ ನಡೆಯುವುದಿಲ್ಲ. ನಮ್ಮ ಮನೆಯದೇ ಕತೆ ಹೇಳುತ್ತೇನೆ.

1974ರ ಬೇಸಿಗೆ. ಹಾಸನ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ನನಗೆ ಹದಿನೈದು, ಅಕ್ಕನಿಗೆ ಇಪ್ಪತ್ತೊಂದು. ಒಂದು ಭಾನುವಾರ ಬೆಳಗಿನ ಬಸ್ಸಿಗೆ ಹುಡುಗ, ಅವನ ಅಪ್ಪ ಅಮ್ಮ, ಸೋದರಮಾವ ಬಂದಿಳಿದರು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ. ಕಿಟಕಿಯ ಸಂದಿಯಿಂದ ಮೊದಲು ನೋಡಿದವಳು ನಾನು, 'ಮೀಸೆ ಇದೆ ಕಣೆ' ಅಂತ ಅಕ್ಕನಿಗೆ ವರದಿ ಕೊಟ್ಟವಳೂ ನಾನೇ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಯಿತು. ಅಕ್ಕ ಒಂದು ದೇವರನಾಮ ಹಾಡಿದಳು. ಹುಡುಗನ ತಾಯಿ ಎದ್ದು ಬಂದು ಅಕ್ಕನ ಗಲ್ಲ ಹಿಡಿದು 'ಲಕ್ಷಣವಾಗಿದ್ದೀಯಮ್ಮ' ಅಂದರು. ಅಪ್ಪ ಅವರನ್ನು ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದರು. ಬಸ್ಸಿನ ಕಿಟಕಿಯಿಂದ ಆ ಯಜಮಾನರು ಹೇಳಿದ್ದು, 'ಊರಿಗೆ ಹೋಗಿ ಕಾಗದ ಬರೀತೀವಿ.'

ಅಪ್ಪ ಲೆಕ್ಕ ಹಾಕಿದರು. ಹೋಗಿ ಮುಟ್ಟುವುದಕ್ಕೆ ಒಂದು ದಿನ, ಮಾತಾಡಿಕೊಳ್ಳುವುದಕ್ಕೆ ಒಂದು ದಿನ, ಅಂಚೆಗೆ ಎರಡು ದಿನ. ಗುರುವಾರದಿಂದ ಜಗಲಿಯ ಮೇಲೆ ಕೂರಲು ಶುರು. ಅಂಚೆಯಣ್ಣ ನಮ್ಮ ಬೀದಿಗೆ ಬರುತ್ತಿದ್ದದ್ದು ಹನ್ನೊಂದು ಗಂಟೆಗೆ. ಹತ್ತೂವರೆಗೇ ಅಪ್ಪ ಪಂಚೆ ಉಟ್ಟು, ಪೇಪರು ಮಡಿಲಲ್ಲಿಟ್ಟುಕೊಂಡು ತಯಾರು. ಅದೇ ಪೇಪರು, ಅದೇ ಪುಟ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಈ ನಡುವೆ ಅರಸೀಕೆರೆಯಿಂದ ಇನ್ನೊಂದು ಸಂಬಂಧ ಬಂತು. 'ಒಂದು ಕಡೆ ಮಾತು ನಡೀತಿದೆ, ಸ್ವಲ್ಪ ತಡೀರಿ' ಅಂದರು ಅಪ್ಪ. ಅವರು ತಡೆಯಲಿಲ್ಲ, ಅವರೇಕೆ ತಡೆಯುತ್ತಾರೆ? 'ನಾವೇ ಒಂದು ಕಾರ್ಡು ಬರೆದು ಕೇಳಬಾರದಾ?' ಅಂತ ಅಮ್ಮ ಕೇಳಿದ್ದಕ್ಕೆ, 'ಹೆಣ್ಣಿನ ಕಡೆಯವರು ನಾವು, ಮೇಲೆ ಬಿದ್ದು ಕೇಳಬಾರದು ಕಣೆ' ಅಂದರು. ಇವರದೂ ಒಂದು ಅಡ್ಡಗೋಡೆ!

ಮೂರನೇ ವಾರಕ್ಕೆ ನಾನು ಒಂದು ವಿಷಯ ಗಮನಿಸಿದೆ. ಆ ಅಂಚೆಯಣ್ಣ ನಮ್ಮ ಬೀದಿಯ ತಿರುವಿನಲ್ಲಿ ಯಾವಾಗಲೂ ಸೈಕಲ್ ಬೆಲ್ಲು ಹೊಡೆದುಕೊಂಡೇ ಬರುತ್ತಿದ್ದವನು, ನಮ್ಮ ಮನೆಯ ಹತ್ತಿರ ಬೆಲ್ಲು ನಿಲ್ಲಿಸಿಬಿಡುತ್ತಿದ್ದ. ತಲೆ ತಗ್ಗಿಸಿ ಪೆಡಲು ತುಳಿದುಕೊಂಡು ಹೋಗುತ್ತಿದ್ದ, ಕಾಗದ ಬರೆಯದೆ ಇದ್ದದ್ದು ತಾನೇ ಅನ್ನುವ ಹಾಗೆ. ಆಮೇಲಾಮೇಲೆ ನಮ್ಮ ಮುಂದಿನ ರಸ್ತೆಯನ್ನೇ ಬಿಟ್ಟು ಹಿತ್ತಲ ಕಡೆಯ ಓಣಿಯಿಂದ ಹೋಗಲು ಶುರುಮಾಡಿದ.

ಅಕ್ಕ ಹಗಲು ಏನೂ ಆಡುತ್ತಿರಲಿಲ್ಲ. ರಾತ್ರಿ ನನ್ನನ್ನು ಎಬ್ಬಿಸುತ್ತಿದ್ದಳು. 'ಕಾಫಿ ಎಡಗೈಲಿ ಕೊಟ್ಟುಬಿಟ್ನಾ?' ಇನ್ನೊಂದು ರಾತ್ರಿ, 'ಎರಡನೇ ಚರಣದಲ್ಲಿ ಶ್ರುತಿ ಬಿಟ್ಟೆ, ಅಲ್ವಾ?' ಇನ್ನೊಂದು ರಾತ್ರಿ, 'ಅವರಮ್ಮ ಅರ್ಧ ಉಪ್ಪಿಟ್ಟು ಹಾಗೇ ಬಿಟ್ರಲ್ಲ, ಗಂಟುಗಂಟಾಗಿತ್ತೇನೇ?' ಉಪ್ಪಿಟ್ಟಿನದಂತೂ ಅವಳ ತಲೆಯಿಂದ ಇಳಿಯಲೇ ಇಲ್ಲ. ಮರುವರ್ಷ ಬೇರೆ ಕಡೆ ಮದುವೆಯಾಯಿತು, ಭಾವ ಒಳ್ಳೆಯವರು, ಎರಡು ಮಕ್ಕಳಾದವು. ಆದರೆ ಅವಳ ಮನೆಗೆ ನೆಂಟರು ಬಂದರೆ ಅವಲಕ್ಕಿ ಮಾಡುತ್ತಿದ್ದಳು, ದೋಸೆ ಹುಯ್ಯುತ್ತಿದ್ದಳು, ಉಪ್ಪಿಟ್ಟು ಮಾತ್ರ ಕೆದಕುತ್ತಿರಲಿಲ್ಲ.

ಈಗ 1991ಕ್ಕೆ ಬನ್ನಿ. ಮೈಸೂರಿನ ಒಂದು ಛತ್ರದಲ್ಲಿ ಮದುವೆ ಊಟ, ಎರಡನೇ ಪಂಕ್ತಿ. ಪಕ್ಕದ ಎಲೆಯ ಹಿರಿಯ ಹೆಂಗಸು ಯಾವ ಊರು, ಯಾರ ಮನೆ ಅಂತ ವಿಚಾರಿಸುತ್ತಾ ಬಂದು, 'ಅಯ್ಯೋ, ನಿಮ್ಮ ಮನೆಗೆ ನಾವು ಹೆಣ್ಣು ನೋಡೋಕೆ ಬಂದಿದ್ವಲ್ಲಮ್ಮ!' ಅಂದರು. ಅದೇ ತಾಯಿ. ನಾನು ಬಿಡುತ್ತೇನೆಯೇ? 'ಯಾಕೆ ಕಾಗದ ಬರೀಲಿಲ್ಲ?' ಅಂತ ನೇರವಾಗಿ ಕೇಳಿದೆ. ಅವರು ಊಟ ನಿಲ್ಲಿಸಿದರು. ಊರು ಮುಟ್ಟಿದ ಮೂರನೇ ದಿನಕ್ಕೆ ಅವರ ಅತ್ತೆ ತೀರಿಕೊಂಡರಂತೆ. ಸೂತಕ ಕಳೆಯಲಿ ಅಂತ ಕಾದರು. ಅಷ್ಟರಲ್ಲಿ ಹುಡುಗನಿಗೆ ದೂರದ ಊರಿಗೆ ವರ್ಗವಾಯಿತು, ಈ ವರ್ಷ ಮದುವೆ ಬೇಡ ಅಂದುಕೊಂಡರು. 'ಆಗಲೇ ತಿಂಗಳಾಗಿಹೋಗಿತ್ತು ಕಣಮ್ಮ. ಇಷ್ಟು ದಿನ ಬಿಟ್ಟು ಏನಂತ ಬರೆಯೋದು, ನಾಚಿಕೆ. ಆಮೇಲೆ ಬೇಡ ಅಂತ ಬರೆದು ಹೆಣ್ಣುಮಗಳ ಮನಸ್ಸು ಯಾಕೆ ನೋಯಿಸೋದು ಅಂತ ಸುಮ್ಮನಾಗಿಬಿಟ್ವಿ.'

ನಾನು ಉಪ್ಪಿಟ್ಟಿನ ವಿಷಯವನ್ನೂ ಕೇಳಿಯೇಬಿಟ್ಟೆ. ಅವರು ಕಣ್ಣು ಅಗಲಿಸಿದರು. 'ಉಪ್ಪಿಟ್ಟು ಬಹಳ ಚೆನ್ನಾಗಿತ್ತು. ನನಗೆ ಅವತ್ತು ದವಡೆ ಹಲ್ಲು ನೋವು.'

ಸಂಜೆ ಎಸ್‌ಟಿಡಿ ಬೂತಿಗೆ ಹೋಗಿ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಎದುರಿನ ಮೀಟರಿನಲ್ಲಿ ಕೆಂಪು ಅಂಕಿ ಓಡುತ್ತಿದೆ. ಆಮೇಲೆ 'ಹಲ್ಲು ನೋವಾ?' ಅಂದಳು.

ಹದಿನೇಳು ವರ್ಷ ಕೇಳುಗರೇ. ಒಂದು ಕಾರ್ಡಿನಲ್ಲಿ ಎರಡು ಸಾಲು ಬರೆದಿದ್ದರೆ ಸಾಕಿತ್ತು.

ಇದಕ್ಕೆ ನಮ್ಮ ಶಾಸ್ತ್ರದಲ್ಲಿ ವಿವರಣೆಯೂ ಇದೆ. ಬರ್ಲಿನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ಬ್ಲೂಮಾ ಜೈಗಾರ್ನಿಕ್ ಅನ್ನುವ ಹೆಣ್ಣುಮಗಳು 1927ರಲ್ಲಿ ಒಂದು ಪ್ರಬಂಧ ಪ್ರಕಟಿಸಿದಳು. ಜನರಿಗೆ ಸಣ್ಣಪುಟ್ಟ ಕೆಲಸ ಕೊಟ್ಟು, ಕೆಲವನ್ನು ಮುಗಿಸಲು ಬಿಟ್ಟು, ಕೆಲವನ್ನು ಅರ್ಧಕ್ಕೇ ನಿಲ್ಲಿಸಿ, ಆಮೇಲೆ ಯಾವುದು ನೆನಪಿದೆ ಅಂತ ಕೇಳಿದಳು. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸಗಳೇ ಹೆಚ್ಚು ನೆನಪಿನಲ್ಲಿ ಉಳಿದಿದ್ದವು. ನೀವು ಉತ್ತರ ಕೊಡದೆ ಬಿಟ್ಟ ಸಂಬಂಧವೂ ಅರ್ಧಕ್ಕೆ ನಿಂತ ಕೆಲಸವೇ. 'ಬೇಡ' ಅಂದರೆ ಅದು ಮುಗಿದ ಲೆಕ್ಕ. ಅತ್ತು, ಮುಖ ತೊಳೆದು, ಮುಂದಕ್ಕೆ ಹೋಗುತ್ತಾರೆ. ಉತ್ತರ ಬಾರದಿದ್ದರೆ ತಮ್ಮ ಎಡಗೈ, ತಮ್ಮ ಶ್ರುತಿ, ತಮ್ಮ ಉಪ್ಪಿಟ್ಟು ಎಲ್ಲವನ್ನೂ ಒಂದೊಂದಾಗಿ ಕಟಕಟೆಗೆ ಹತ್ತಿಸುತ್ತಾರೆ. ಆ ತಾಯಿ ಕೆಟ್ಟವರಲ್ಲ. ನೋಯಿಸಬಾರದು ಅಂತಲೇ ಸುಮ್ಮನಾದರು. ಆದರೆ ನಿಜ ಹೇಳಲಾ? ಸುಮ್ಮನಿದ್ದು ಅವರು ತಪ್ಪಿಸಿಕೊಂಡದ್ದು ತಮ್ಮ ಮುಜುಗರವನ್ನು. ತಡವಾದಷ್ಟೂ ನಾಚಿಕೆ, ನಾಚಿಕೆಯಾದಷ್ಟೂ ಇನ್ನಷ್ಟು ತಡ. ಅದಕ್ಕೇ ನಾನು ಮೂರು ದಿನ ಅಂತ ಬಡಿದುಕೊಳ್ಳುವುದು. ನಾಲ್ಕನೇ ದಿನಕ್ಕೆ ನಾಚಿಕೆ ಮನೆಯೊಳಗೆ ಬಂದು ಕೂರುತ್ತದೆ.

'ಮೇಡಂ, ಇದೆಲ್ಲ ಅಂಚೆಯ ಕಾಲದ ಕತೆ, ಈಗ ಹುಡುಗ ಹುಡುಗಿ ತಾವೇ ಭೇಟಿಯಾಗುತ್ತಾರೆ' ಅನ್ನುತ್ತೀರಿ. ಹೌದು. ಜಗಲಿಯ ಜಾಗಕ್ಕೆ ಫೋನು ಬಂದಿದೆ, ಅಷ್ಟೇ. 2014ರಲ್ಲಿ ವಾಟ್ಸ್ಆ್ಯಪ್‌ನವರು ಎರಡು ನೀಲಿ ಗೆರೆ ಕೊಟ್ಟ ಮೇಲೆ ಕಷ್ಟ ಹೆಚ್ಚೇ ಆಗಿದೆ. ನಮ್ಮಪ್ಪನಿಗೆ ಕಾಗದ ಅಂಚೆಯಲ್ಲಿ ಕಳೆದುಹೋಗಿರಬಹುದು ಅನ್ನುವ ಒಂದು ಆಸರೆಯಾದರೂ ಇತ್ತು. ಈಗಿನವರಿಗೆ ಆ ಸುಖವೂ ಇಲ್ಲ, ಓದಿಯೂ ಸುಮ್ಮನಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ. ಎರಡು ಸಲ ದರ್ಶಿನಿಯಲ್ಲಿ ಕಾಫಿ ಕುಡಿದು, ಒಂದು ಸಲ ಕುಕ್ಕರಹಳ್ಳಿ ಕೆರೆ ಸುತ್ತಿ, ಆಮೇಲೆ ಒಬ್ಬರು ಮಾಯ. ಇದಕ್ಕೆ ಮಕ್ಕಳು ಘೋಸ್ಟಿಂಗ್ ಅನ್ನುತ್ತಾರೆ. ದೆವ್ವವಾಗುವುದು! ಬಾಗಿಲಿಗೆ 'ನಾಳೆ ಬಾ' ಅಂತ ಬರೆದ ನಾವೇ ಈಗ ದೆವ್ವವಾಗಿದ್ದೇವೆ.

ಸರಿ, ಹೇಳುವುದು ಹೇಗೆ? ಬರೆದುಕೊಳ್ಳಿ. 'ನಿಮ್ಮನ್ನು ಭೇಟಿಯಾಗಿದ್ದು ಸಂತೋಷ. ಈ ಸಂಬಂಧ ಮುಂದುವರಿಸುವುದು ಬೇಡ ಅಂತ ತೀರ್ಮಾನ ಮಾಡಿದ್ದೇನೆ. ನಿಮಗೆ ಒಳ್ಳೆಯದಾಗಲಿ.' ಮುಗಿಯಿತು. ಹಿರಿಯರ ಮೂಲಕ ನಡೆದ ಮಾತಾದರೆ ಹಿರಿಯರು ಫೋನು ಮಾಡಬೇಕು, ತರಕಾರಿ ವಿಷಯ ಮಾತಾಡುತ್ತಾ ಕೊನೆಗೆ ತೇಲಿಸಿಬಿಡುವುದಲ್ಲ, ಮೊದಲ ನಿಮಿಷದಲ್ಲೇ ಹೇಳಬೇಕು.

ಕಾರಣ ಕೊಡಬೇಡಿ. ದಯವಿಟ್ಟು ಕೊಡಬೇಡಿ. 'ಜಾತಕ ಕೂಡಿಬರಲಿಲ್ಲ' ಅನ್ನುತ್ತೀರಿ. ಪಾಪ, ಅವರು ಇನ್ನೊಬ್ಬ ಜೋಯಿಸರ ಹತ್ತಿರ ಓಡುತ್ತಾರೆ, ಶಾಂತಿ ಮಾಡಿಸುತ್ತಾರೆ, 'ಈಗ ಕೂಡಿಬರುತ್ತೆ' ಅಂತ ಹಣ್ಣುಕಾಯಿ ಹಿಡಿದುಕೊಂಡು ವಾಪಸು ಬರುತ್ತಾರೆ. ಆಗ ಏನು ಮಾಡುತ್ತೀರಿ? 'ಇನ್ನೆರಡು ವರ್ಷ ಮದುವೆ ಯೋಚನೆ ಇಲ್ಲ' ಅಂದು ಮೂರು ತಿಂಗಳಿಗೆ ಲಗ್ನಪತ್ರಿಕೆ ಅಚ್ಚು ಹಾಕಿಸಿದವರನ್ನೂ ನೋಡಿದ್ದೇನೆ. ಕೆಲವು ಹುಡುಗಿಯರು 'ನೀವು ನನಗೆ ಅಣ್ಣನ ಹಾಗೆ' ಅನ್ನುತ್ತಾರೆ. ಅಣ್ಣ ಅನ್ನಿಸಿಕೊಂಡ ಹುಡುಗನ ಮುಖ ನೋಡಿದ್ದೀರಾ? ರಾಖಿ ಹಬ್ಬದ ದಿನ ನಮ್ಮ ಕಾಲೇಜಿನಲ್ಲಿ ಹುಡುಗರ ಹಾಜರಿ ಅರ್ಧಕ್ಕೆ ಇಳಿಯುತ್ತಿತ್ತು.

ಇನ್ನೊಂದು. ಒಬ್ಬರು 'ಬೇಡ' ಅಂದ ಮೇಲೆ 'ಯಾಕೆ' ಅಂತ ಬೆನ್ನು ಹತ್ತಬೇಡಿ. ಹೇಳುವವರಿಗೆ ಧೈರ್ಯ ಬೇಕು ಅಂದರೆ ಕೇಳಿಸಿಕೊಳ್ಳುವವರಿಗೆ ಮರ್ಯಾದೆ ಬೇಕು. ಹುಡುಗಿಯರು ಉತ್ತರ ಕೊಡದೆ ನಂಬರು ಬ್ಲಾಕ್ ಮಾಡುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಹಿಂದೆ ಒಬ್ಬನಿಗೆ 'ಬೇಡ' ಅಂದು ಅನುಭವಿಸಿರುತ್ತಾರೆ. ಹೆದರಿಸುವವನಿಗೆ ಉತ್ತರದ ಸಾಲವಿಲ್ಲ, ಅವನ ವಿಷಯ ಬೇರೆ. ಗಂಡುಮಕ್ಕಳ ತಾಯಂದಿರು ದಯವಿಟ್ಟು ಇದನ್ನು ಊಟಕ್ಕೆ ಬಡಿಸುವಾಗ ಮಗನಿಗೆ ಹೇಳಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಎರಡು ನಿಮಿಷವಂತೆ. ಕಾಫಿ ಬಿಲ್ಲು ಯಾರು ಕೊಡಬೇಕು ಅನ್ನುವ ಬಗ್ಗೆಯೂ ಮಾತಾಡಿ ಅಂದಿದ್ದರು. ಕರೆದವರು ಕೊಡಲಿ, ಇಲ್ಲದಿದ್ದರೆ ಹಂಚಿಕೊಳ್ಳಿ, ಅದರಲ್ಲಿ ದೊಡ್ಡ ಧರ್ಮಸಂಕಟವೇನಿಲ್ಲ. ತಡವಾಗಿ ಹೋಗುವುದು, ಎದುರಿಗೆ ಕೂತು ಫೋನು ನೋಡುವುದು, ಇವು ತಪ್ಪು ಅಂತ ರೇಡಿಯೋದಲ್ಲಿ ಹೇಳಬೇಕೇ?

ಮದುವೆ ಕರೆಯೋಲೆಗೆ 'ಬರೋಕೆ ಪ್ರಯತ್ನ ಮಾಡ್ತೀವಿ' ಅನ್ನುವವರಿಗೆ ಮಾತ್ರ ಒಂದು ಮಾತು. ಅಡುಗೆಯವರಿಗೆ ಎಲೆ ಲೆಕ್ಕ ಕೊಡಬೇಕು ಕಣ್ರೀ. ನಿಮ್ಮ 'ಪ್ರಯತ್ನ'ವನ್ನು ನಾಲ್ಕು ಎಲೆ ಅಂತ ಹಿಡಿಯಬೇಕೋ ಸೊನ್ನೆ ಅಂತ ಹಿಡಿಯಬೇಕೋ? ಆಗುವುದಿಲ್ಲ ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಬಹಳ ಜನಕ್ಕೆ ಖುಷಿಯೇ ಆಗುತ್ತದೆ. ಬೇಡ ಅಂದರೆ ಬೇಡ. ಮೂರು ದಿನದೊಳಗೆ.

ನಿಮ್ಮಲ್ಲಿ ಯಾರಿಗಾದರೂ ಕೊಡದೆ ಬಿಟ್ಟ ಉತ್ತರ ಒಂದು ನೆನಪಾಗುತ್ತಿದ್ದರೆ, ಅನ್ನ ಇಳಿಸಿ ಈಗಲೇ ಕಳಿಸಿ. ತಡವಾಯಿತು ಅಂತ ನಾಚಿಕೆ ಬೇಡ, ಆ ಕಡೆಯವರು ಇನ್ನೂ ಉಪ್ಪಿಟ್ಟಿನ ಬಗ್ಗೆ ಯೋಚಿಸುತ್ತಿರಬಹುದು.

ಹಾಂ, ನನ್ನದೂ ಒಂದು ಬಾಕಿ ಇದೆ. ಮುಂದಿನ ತಿಂಗಳು ಇನ್ನೊಂದು ಭಾಷಣಕ್ಕೆ ಬರುತ್ತೀರಾ ಅಂತ ಇಲ್ಲಿನವರು ಹೋದ ವಾರ ಕೇಳಿದ್ದರು. 'ನೋಡೋಣ' ಅಂದುಬಿಟ್ಟಿದ್ದೆ. ಬರುವುದಿಲ್ಲ. ಕಾರಣ ಕೇಳಬೇಡಿ. ನಮಸ್ಕಾರ.