ಮಂಗಳಕ್ಕೆ ಹೋಗುವವನ ಎದೆಯ ಬ್ಯಾಡ್ಜ್

ನಮಸ್ಕಾರ, ಕಾರವಾರದಿಂದ ಮಾತಾಡುತ್ತಿದ್ದೇನೆ. ಹಿಂದೆ ಸದ್ದು ಕೇಳಿಸಿದರೆ ಅದು ತಗಡಿನ ಮೇಲೆ ಬೀಳುವ ಮಳೆ. ಸ್ವಲ್ಪ ಸುಧಾರಿಸಿಕೊಳ್ಳಿ.

ಮನುಷ್ಯ ಮಂಗಳ ಗ್ರಹಕ್ಕೆ ಯಾವಾಗ ಹೋಗುತ್ತಾನೆ ಅಂತ ಕೇಳಿ, ಎಲ್ಲರೂ ರಾಕೆಟ್ ಮಾತೇ ಎತ್ತುತ್ತಾರೆ. ನನಗೆ ನೆನಪಾಗುವುದು ಮಾತ್ರ ಪಕ್ಕದ ಮನೆ ಮಾಮನ ಬ್ಯಾಡ್ಜ್. ಅವರು ಕೈಗಾ ಅಣುಸ್ಥಾವರದಲ್ಲಿದ್ದವರು, ಈಗ ರಿಟೈರ್ಡ್. ರಿಯಾಕ್ಟರ್ ಕಡೆ ಕೆಲಸಕ್ಕೆ ಹೋಗುವವರು ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಳ್ಳಲೇಬೇಕು. ಮೈಗೆ ಎಷ್ಟು ವಿಕಿರಣ ತಾಗಿತು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಆ ಲೆಕ್ಕದ ಅಳತೆಗೆ ಮಿಲಿಸೀವರ್ಟ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಅಂಥವರಿಗೆ ಒಂದು ವರ್ಷಕ್ಕೆ 30 ಮಿಲಿಸೀವರ್ಟ್ ಮಿತಿ. 5 ವರ್ಷದ್ದು ಕೂಡಿಸಿದರೂ 100 ದಾಟುವಂತಿಲ್ಲ.

ಈಗ ಮಂಗಳದ ದಾರಿ ನೋಡಿ. ನಾಸಾದ ಕ್ಯೂರಿಯಾಸಿಟಿ ರೋವರ್ 2011-12ರಲ್ಲಿ ಹೋಗುವಾಗ ದಾರಿಯುದ್ದಕ್ಕೂ ವಿಕಿರಣ ಅಳೆಯುತ್ತಾ ಹೋಯಿತು. ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ಮಾಮನ ಇಡೀ ವರ್ಷದ ಮಿತಿ ಅಲ್ಲಿ 17 ದಿನಕ್ಕೆ ಖಾಲಿ! ಹೋಗಿ ಬರುವ ದಾರಿಗೇ ಸುಮಾರು 660 ಆಗುತ್ತದೆ. ಅಲ್ಲಿ ಇಳಿದು ಉಳಿದದ್ದು ಬೇರೆ. ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಗೆ ಇಟ್ಟಿರುವ ಮಿತಿಯೇ 600. ಅಷ್ಟಕ್ಕೆ ಕೂಡಲೇ ಯಾರೂ ಸಾಯುವುದಿಲ್ಲ, ನಿಜ. ಮುಂದೆ ಎಂದೋ ಕ್ಯಾನ್ಸರ್ ಬರುವ ಭಯ ಜಾಸ್ತಿ.

ನೌಕೆಯ ಗೋಡೆ ದಪ್ಪ ಮಾಡಿದರಾಯ್ತು ಅಲ್ವಾ? ಕೈಗಾದಲ್ಲಿ ಕಾಂಕ್ರೀಟ್ ಗೋಡೆ ಇದೆ. ಅದನ್ನು ಹೊತ್ತು ಹಾರುವ ರಾಕೆಟ್ ಇಲ್ಲ. ತೆಳ್ಳಗಿನ ಲೋಹಕ್ಕೆ ಬಡಿದ ಕಾಸ್ಮಿಕ್ ಕಿರಣವೋ, ಅಂದರೆ ಬಾಹ್ಯಾಕಾಶದಿಂದ ಬರುವ ವಿಕಿರಣ, ಒಳಗೆ ಇನ್ನಷ್ಟು ಕಣ ಚೆಲ್ಲುತ್ತದೆ.

ಮೈಯ ಮಾತು ಹಾಗಿರಲಿ. ಬೈತಖೋಲ್ ಬಂದರಿನಿಂದ ಹೊರಟ ಬೋಟಿನ ಎಂಜಿನ್ ನಡುನೀರಲ್ಲಿ ಕೆಟ್ಟರೆ ಬೋಟ್ ನಡೆಸುವ ತಾಂಡೇಲ ವಯರ್‌ಲೆಸ್ಸಿನಲ್ಲಿ ಕೂಗುತ್ತಾನೆ, ಇನ್ನೊಂದು ಬೋಟ್ ಬಂದು ಹಗ್ಗ ಕಟ್ಟಿ ಎಳೆದು ತರುತ್ತದೆ. ಮಂಗಳದಿಂದ ಕೂಗಿದರೆ ಭೂಮಿಗೆ ಕೇಳುವುದಕ್ಕೇ 3ರಿಂದ 22 ನಿಮಿಷ. ಕೇಳಿದವರು ಹೊರಡೋಣ ಅಂದರೂ ಸರಿಯಾದ ಹೊತ್ತು ಬರುವುದು 26 ತಿಂಗಳಿಗೊಮ್ಮೆ. ಪರ್ಸಿವಿಯರೆನ್ಸ್ ರೋವರಿನಲ್ಲಿದ್ದ ಮಾಕ್ಸಿ ಅನ್ನುವ ಯಂತ್ರ ಅಲ್ಲಿನ ಗಾಳಿಯಿಂದಲೇ ಆಮ್ಲಜನಕ ಮಾಡಿ ತೋರಿಸಿತು. ನಾನೂ ಖುಷಿಪಟ್ಟೆ. 2023ರವರೆಗೆ ಮಾಡಿದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ 800 ಗ್ರಾಂ ಮೇಲೆ ಬೇಕು.

ಹಾಗಂತ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮಂಗಳಕ್ಕೆ ಮನುಷ್ಯ ಹೋಗಿ ಬಂದಾನು. ಆದರೆ ಅದಕ್ಕೂ ಆಚೆಯ ಗುರುಗ್ರಹಕ್ಕೆ ಮನುಷ್ಯ ಹೋಗುವ ಮಾತು ಸದ್ಯಕ್ಕೆ ಸುಮ್ನೆ. 2024ರ ಅಕ್ಟೋಬರಿನಲ್ಲಿ ಹೊರಟ ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ ಅಲ್ಲಿಗೆ ಮುಟ್ಟುವುದು 2030ಕ್ಕೆ. ಅದು ಬರೀ ಯಂತ್ರ. ಗುರುವಿನ ಸುತ್ತ ವಿಕಿರಣ ಎಷ್ಟಿದೆ ಅಂದರೆ ಆ ಯಂತ್ರದ ಎಲೆಕ್ಟ್ರಾನಿಕ್ಸನ್ನೇ ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಕಳಿಸಿದ್ದಾರೆ.

ಮೊನ್ನೆ ಮಾಮನಿಗೆ ಈ 660ರ ಲೆಕ್ಕ ಹೇಳಿದೆ. "ಅಷ್ಟು ಬಿದ್ದರೆ ನಮ್ಮಲ್ಲಿ ಗೇಟಿನ ಒಳಗೇ ಬಿಡೋದಿಲ್ಲ ಮಾರಾಯಾ" ಅಂದರು. ಚಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಕೇಳಿದರು, "ಅರವತ್ತು ದಾಟಿದವರನ್ನ ತಗೊಳ್ತಾರಂತಾ?"