ಒಂದು ಬಂದೂಕು, ಹಲವು ಹೆಸರು

ಕೇಳುಗರಿಗೆ ನಮಸ್ಕಾರ.

ಹಳೆಯ ಸೇನಾ ರೈಫಲ್ ಒಂದರ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಅಗಳಿ ತೆಗೆದು, ನಳಿಗೆಯನ್ನು ಬೆಳಕಿನ ಕಡೆ ಹಿಡಿದು ಒಳಗೆ ಇಣುಕಿದರೆ ಚಂದದ ನೋಟ ಕಾಣುತ್ತದೆ. ಉಕ್ಕಿನ ಗೋಡೆಯ ಮೇಲೆ ನಾಲ್ಕೋ ಐದೋ ತೋಡುಗಳು ಸುರುಳಿ ಸುರುಳಿಯಾಗಿ ಬಾಯಿಯವರೆಗೆ ಹೋಗಿರುತ್ತವೆ. ಗುಂಡು ಆ ತೋಡುಗಳನ್ನು ಕಚ್ಚಿಕೊಂಡು ಹೊರಡುವಾಗ ಬುಗುರಿಯ ಹಾಗೆ ತಿರುಗುತ್ತದೆ. ತಿರುಗುವ ಬುಗುರಿ ಬೀಳುವುದಿಲ್ಲ ಅಲ್ವಾ? ಹಾಗೇ ತಿರುಗುವ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುವುದಿಲ್ಲ. ತೋಡು ಇದ್ದರೆ ರೈಫಲ್. ಒಳಗೆಲ್ಲ ನುಣ್ಣಗಿದ್ದು, ಕಾಲಾಳು ಹೆಗಲಿಗಿಟ್ಟು ಹೊಡೆಯುವ ಉದ್ದ ಬಂದೂಕಾದರೆ ಮಸ್ಕೆಟ್. ರೈಫಲ್ ಎಂಬ ಮಾತು ಹುಟ್ಟಿದ್ದೇ ಗೀರು ಹಾಕುವ ಕೆಲಸದಿಂದ.

ಇಷ್ಟೇ ಆಗಿದ್ದರೆ ನನಗೆ ಇಲ್ಲಿ ಕೆಲಸ ಇರುತ್ತಿರಲಿಲ್ಲ. 1853ರ ಬ್ರಿಟಿಷ್ ಎನ್‌ಫೀಲ್ಡ್ ಬಂದೂಕು ನೋಡಿ. ಅದನ್ನು ಕರೆಯುವುದು ‘ರೈಫಲ್ ಮಸ್ಕೆಟ್’ ಅಂತ. ಇದೇನು, ಎರಡೂ ಒಂದರಲ್ಲೇ? ಅದಕ್ಕೆ ಕಾರಣ ಇದೆ. 1800ರಲ್ಲಿ ಬ್ರಿಟಿಷ್ ಸೇನೆಗೆ ಬೇಕರ್ ರೈಫಲ್ ಬಂದಾಗ ಅದು ಗುರಿಕಾರರ ತುಕಡಿಗಳಿಗೆ ಮಾತ್ರ. ತೋಡಿಗೆ ಬಿಗಿಯಾಗಿ ಕೂರಬೇಕಾದ ಗುಂಡನ್ನು ಬಾಯಿಯಿಂದ ಗಜ ಹಾಕಿ ಜಡಿಯಬೇಕಿತ್ತು, ಹೊತ್ತು ಹಿಡಿಯುತ್ತಿತ್ತು. ಉಳಿದ ಸಿಪಾಯಿಗಳಿಗೆ ಮಸ್ಕೆಟ್ಟೇ ಗತಿ. 1849ರಲ್ಲಿ ಫ್ರಾನ್ಸಿನ ಮಿನಿಯೆ ತಯಾರಿಸಿದ ಗುಂಡು ಈ ತೊಡಕು ಬಿಡಿಸಿತು. ನಳಿಗೆಗಿಂತ ತುಸು ಸಣ್ಣದು, ಬುಡ ಟೊಳ್ಳು. ಸಲೀಸಾಗಿ ಒಳಗೆ ಇಳಿಯುತ್ತದೆ. ಮದ್ದು ಹೊತ್ತಿಕೊಂಡಾಗ ಬುಡ ಉಬ್ಬಿ ತೋಡಿಗೆ ಅಂಟಿಕೊಳ್ಳುತ್ತದೆ. ಆಗ ಎಲ್ಲರ ಬಂದೂಕಿಗೂ ತೋಡು ಕೊರೆಯಬಹುದಾಯಿತು. ಆದರೆ ಉದ್ದ ಮಾತ್ರ ಮಸ್ಕೆಟ್ಟಿನದೇ ಉಳಿಯಿತು, ನಳಿಗೆಯೇ 39 ಇಂಚು. ಸಾಲಾಗಿ ನಿಂತು ಹೊಡೆಯುವಾಗ ಹಿಂದಿನವನ ನಳಿಗೆ ಮುಂದಿನವನ ಕಿವಿ ದಾಟಿರಬೇಕಲ್ಲ! ಅಂದರೆ ಈ ಹೆಸರಿನಲ್ಲಿ ‘ರೈಫಲ್’ ಒಳಗಿನ ಮಾತು, ‘ಮಸ್ಕೆಟ್’ ಹೊರಗಿನ ಮಾತು. 1857ರಲ್ಲಿ ಕೊಬ್ಬು ಸವರಿದ ತೋಟಾಗಳ ಗಲಾಟೆ ಎದ್ದದ್ದೂ ಇದೇ ಬಂದೂಕಿನಿಂದ.

1853 ಎಂಬ ವರ್ಷವನ್ನೂ ಸುಮ್ನೆ ನಂಬಬೇಡಿ. ಅದು ಬಂದೂಕು ತಯಾರಾದ ವರ್ಷವೇ ಆಗಬೇಕಿಲ್ಲ. ಬ್ರಿಟಿಷರು ಒಪ್ಪಿಗೆಯಾದ ಒಂದು ಮಾದರಿಗೆ ಅರಗಿನ ಮುದ್ರೆ ಒತ್ತಿ ಇಡುತ್ತಿದ್ದರು. ತಯಾರಕರು ಅದಕ್ಕೆ ಸರಿಯಾಗಿ ಮಾಡಿಕೊಡಬೇಕಿತ್ತು. ವರ್ಷ ಆ ಮಾದರಿಯದು. ನನ್ನ ಮಟ್ಟಿಗೆ ‘ಸೇನಾ’ ಎನ್ನುವ ಮಾತಿನ ತಿರುಳು ಇಲ್ಲಿದೆ: ಸರ್ಕಾರ ಒಪ್ಪಿದ ಮಾದರಿ, ಅದರಂತೆ ತಯಾರಿ, ತಪಾಸಣೆಯ ಮುದ್ರೆ. ಯುದ್ಧದಲ್ಲಿ ಯಾರೋ ಹಿಡಿದಿದ್ದ ಮಾತ್ರಕ್ಕೆ ಬೇಟೆ ಕೋವಿ ಸೇನಾ ರೈಫಲ್ ಆಗುವುದಿಲ್ಲ.

ನಾವು ಕೇಪಿನ ಕೋವಿ, ತೋಟಾ ಕೋವಿ ಅನ್ನುತ್ತೇವಲ್ಲ, ಅದು ಇನ್ನೊಂದು ದಾರಿಯ ವಿಂಗಡಣೆ. ತೋಡಿನ ಗೊಡವೆ ಅದಕ್ಕಿಲ್ಲ. ಮದ್ದು ಹೇಗೆ ತುಂಬುತ್ತೀರಿ, ಕಿಡಿ ಹೇಗೆ ತಾಗುತ್ತದೆ ಎಂಬುದಷ್ಟೇ ಅದರ ಪ್ರಶ್ನೆ. ಯುದ್ಧದ ಕಣ್ಣಿಗೆ ಇದೇ ದೊಡ್ಡದು. ಜರ್ಮನ್ ರಾಜ್ಯ ಪ್ರಷ್ಯಾ 1841ರಲ್ಲೇ ಹಿಂದಿನಿಂದ ತುಂಬುವ ಡ್ರೈಸೆ ರೈಫಲ್ ಒಪ್ಪಿಕೊಂಡಿತ್ತು. 1866ರ ಯುದ್ಧದಲ್ಲಿ ಅದರ ಸಿಪಾಯಿ ನೆಲಕ್ಕೆ ಒರಗಿಕೊಂಡೇ ತುಂಬಿ ಹೊಡೆಯಬಹುದಿತ್ತು. ಆಸ್ಟ್ರಿಯಾದವನು ಬಾಯಿಯಿಂದ ಗಜ ಹಾಕಿ ಜಡಿಯಬೇಕಿತ್ತು. ಅದೇ ವರ್ಷ ಬ್ರಿಟಿಷರು ಎನ್‌ಫೀಲ್ಡಿನ ಹಿಂಭಾಗ ಕತ್ತರಿಸಿ, ಪಕ್ಕಕ್ಕೆ ತೆರೆಯುವ ಬಾಗಿಲು ಕೂರಿಸಿದರು. ಅದೇ ಮರ, ಅದೇ ನಳಿಗೆ. ಹೆಸರು ಸ್ನೈಡರ್, ಜಾತಿ ಬೇರೆ. ಆಮೇಲಿನದು ವೇಗದ ಕಥೆ: 1886ರಲ್ಲಿ ಹೊಗೆಯಿಲ್ಲದ ಮದ್ದಿನ ಫ್ರೆಂಚ್ ಲೆಬೆಲ್, 1936ರಲ್ಲಿ ತಾನಾಗಿ ಮುಂದಿನ ತೋಟಾ ಎಳೆದುಕೊಳ್ಳುವ ಅಮೆರಿಕದ ಗ್ಯಾರಂಡ್, ಆಮೇಲೆ ಗಿಡ್ಡ ತೋಟಾದ ಜರ್ಮನ್ ಸ್ಟುರ್ಮ್‌ಗೆವೇರ್ 44.

ಹೆಸರುಗಳಲ್ಲಿ ನನಗೆ ಇಷ್ಟ ಬ್ರಿಟಿಷ್ ರೈಫಲ್ ಒಂದರ ‘ಶಾರ್ಟ್, ಮ್ಯಾಗಜೀನ್, ಲೀ-ಎನ್‌ಫೀಲ್ಡ್’. ಇದರಲ್ಲಿ ಗಿಡ್ಡ ಆದದ್ದು ಮ್ಯಾಗಜೀನ್, ಅಂದರೆ ತೋಟಾಗಳ ಪೆಟ್ಟಿಗೆ, ಅಂತ ತಿಳಿದವರಿದ್ದಾರೆ. ಅಲ್ಲ, ರೈಫಲ್ ಗಿಡ್ಡ. ಮೊದಲು ಕಾಲಾಳಿಗೆ ಸುಮಾರು 30 ಇಂಚಿನ ನಳಿಗೆ, ಕುದುರೆ ಸವಾರನಿಗೆ ಸುಮಾರು 21 ಇಂಚಿನ ನಳಿಗೆಯ ಗಿಡ್ಡ ಬಂದೂಕು, ಅಂದರೆ ಕಾರ್ಬೈನ್, ಇದ್ದವು. ಇಬ್ಬರಿಗೂ ಒಂದೇ ಸಾಕು ಅಂತ 25 ಇಂಚಿಗೆ ತಂದರು. ಬೋಲ್ಟಿನ ಏರ್ಪಾಡು ಜೇಮ್ಸ್ ಪ್ಯಾರಿಸ್ ಲೀ ಅವರದು, ತೋಡಿನ ಆಕಾರ ಎನ್‌ಫೀಲ್ಡ್ ಕಾರ್ಖಾನೆಯದು. ಒಂದು ಹೆಸರಿನಲ್ಲಿ ಅಳತೆ, ವಿಧಾನ, ಮನುಷ್ಯ, ಊರು ನಾಲ್ಕೂ ಇವೆ. ಎಲ್ಲ ಹೆಸರೂ ಇಷ್ಟು ಪ್ರಾಮಾಣಿಕವಲ್ಲ. ಜರ್ಮನಿಯ ಕಾರಾಬೀನರ್ 98ಬಿ ಹೆಸರಿಗೆ ಕಾರ್ಬೈನ್, ಅಳೆದರೆ ಪೂರ್ತಿ ಉದ್ದದ ರೈಫಲ್. ಜಪಾನಿನ ಟೈಪ್ 38ರ ಸಂಖ್ಯೆ ಮೇಜಿ ದೊರೆಯ 38ನೇ ವರ್ಷ, ಅಂದರೆ 1905. ಟೈಪ್ 99 ಬಂದಾಗ ಪಂಚಾಂಗವೇ ಬದಲು! ಅದು ಸಾಮ್ರಾಜ್ಯದ ಶಕೆ 2599, ಅಂದರೆ 1939.

ಅಳತೆಯಲ್ಲೂ ಇದೇ ಪಾಡು. ಲೀ-ಎನ್‌ಫೀಲ್ಡಿನ ತ್ರೀ ನಾಟ್ ತ್ರೀ ಅಂದರೆ 0.303 ಇಂಚು, ಆದರೆ ಅದು ತೋಡುಗಳ ನಡುವೆ ಎದ್ದ ಏಣುಗಳಿಂದ ಅಳೆದ ನಳಿಗೆಯ ಒಳ ಅಗಲ. ಗುಂಡು ತೋಡನ್ನೂ ತುಂಬಬೇಕು, ಹಾಗಾಗಿ 0.311 ಇಂಚಿನ ಆಸುಪಾಸು ಇರುತ್ತದೆ. ರಷ್ಯಾದವರು 1891ರ ಮೋಸಿನ್ ರೈಫಲ್ಲನ್ನು ‘ಮೂರು ಗೆರೆಯದು’ ಎಂದರು. ಗೆರೆ ಅಂದರೆ ಇಂಚಿನ ಹತ್ತನೇ ಒಂದು ಪಾಲು. ಮೂರು ಗೆರೆಯನ್ನು ಮಿಲಿಮೀಟರಿಗೆ ತಿರುಗಿಸಿದರೆ 7.62 ಬರುತ್ತದೆ.

ಈ ಮೋಸಿನ್ ಫಿನ್ಲೆಂಡಿನವರ ಕೈಗೂ ಬಂತು. ಅವರು ಹಳೆಯ ರಷ್ಯನ್ ಬಂದೂಕಿನ ರಿಸೀವರ್, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಗೂಡು, ಅದನ್ನು ಉಳಿಸಿಕೊಂಡು ಹೊಸ ನಳಿಗೆ, ಹೊಸ ಮರ ಹಾಕಿ ಎಂ39 ಎಂಬ ರೈಫಲ್ ಕಟ್ಟಿದರು. ನಳಿಗೆಯ ಮೇಲೆ 1942 ಅಂತಿದೆ ಅಂದುಕೊಳ್ಳಿ. ಪಟ್ಟಿ ಕಳಚಿ, ಎರಡು ಸ್ಕ್ರೂ ಬಿಚ್ಚಿ ಮರದಿಂದ ಎತ್ತಿದರೆ ರಿಸೀವರಿನ ಬಾಲದ ಅಡಿಯಲ್ಲಿ 1897 ಅಂತ ಕಾಣಬಹುದು. ಅಮೆರಿಕದ ಫೆಡರಲ್ ಕಾನೂನಿಗೆ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ‘ಪುರಾತನ’. ಅಲ್ಲಿ ಲೆಕ್ಕಕ್ಕೆ ಬರುವುದು ರಿಸೀವರಿನ ವಯಸ್ಸು. ಹಾಗಾಗಿ ಎರಡನೇ ಮಹಾಯುದ್ಧದ ಈ ರೈಫಲ್ ಕಾನೂನಿನ ಕಣ್ಣಿಗೆ 19ನೇ ಶತಮಾನದ ವಸ್ತು. ಗಾಜಿನ ಪೆಟ್ಟಿಗೆಯೊಳಗೆ ಇದಕ್ಕೆ ಚೀಟಿ ಬರೆಯುವ ಕೆಲಸ ನನಗೆ ಕೊಟ್ಟರೆ, ಎರಡೂ ವರ್ಷ ಬರೆದು, ಪಕ್ಕದಲ್ಲಿ ಮರ ಬಿಚ್ಚಿದ ಫೋಟೋ ಒಂದನ್ನು ಇಡುತ್ತೇನೆ.

ನಮಸ್ಕಾರ.