ಹಳೇ ರಿಸೀವರ್ ಗುಜರಿಗೆ ಹಾಕುವ ಮುಂಚೆ ಒಂದ್ನಿಮಿಷ!

[ಮೇಜಿನ ಮೇಲೆ ಕಪ್ಪು ರಿಸೀವರ್. ಬೆರಳಿನಿಂದ ಧೂಳು ಒರೆಸುತ್ತಾ]

ನಮಸ್ಕಾರ. ಈ ಪೆಟ್ಟಿಗೆ ನೋಡಿ. ಎತ್ತಿದರೆ ಸೊಂಟ ಹಿಡಿಯುತ್ತದೆ, ಅಷ್ಟು ಭಾರ. 2008ರ ಹೋಮ್ ಥಿಯೇಟರ್ ರಿಸೀವರ್. ನಮ್ಮ ವೀಕ್ಷಕರೊಬ್ಬರದು. ಅವರ ಪ್ರಶ್ನೆ ಹೀಗಿದೆ: "ಅಣ್ಣಾ, ಹೊಸ ಫೋರ್‌ಕೆ ಟಿವಿ ತಂದ್ವಿ. ಸ್ಟ್ರೀಮಿಂಗ್ ಬಾಕ್ಸನ್ನು ರಿಸೀವರ್ ಮೂಲಕ ಕೊಟ್ಟರೆ ಫೋರ್‌ಕೆ ಬರ್ತಿಲ್ಲ. ಅಂಗಡಿಯವರು ಹೊಸ ರಿಸೀವರ್ ತಗೊಳ್ಳಿ ಅಂತಾರೆ. ನನ್ನ ಹತ್ರ ಇರೋದು ಹತ್ತು ಸಾವಿರ. ಏನ್ಮಾಡ್ಲಿ?"

ರಿಸೀವರ್ ಅಂದರೆ ಎಲ್ಲ ಕಡೆಯಿಂದ ಸದ್ದು ತೆಗೆದುಕೊಂಡು ಸ್ಪೀಕರ್‌ಗಳನ್ನು ಓಡಿಸುವ ಡಬ್ಬಿ. ಐದು ಸ್ಪೀಕರ್, ದಪ್ಪ ಸದ್ದಿಗೆ ಅಂದರೆ ಬೇಸ್‌ಗೇ ಮೀಸಲಾದ ಒಂದು ಸಬ್‌ವೂಫರ್ ಇದ್ದರೆ 5.1. ಅಷ್ಟೇ. ಮುಂದೆ ಹೋಗೋಣ.

ಇದರಲ್ಲಿ ಎರಡು ಭಾಗ. ಒಂದು, ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್. ಇನ್ನೊಂದು, ಹಿಂದಿನ ಸಾಕೆಟ್‌ಗಳು ಮತ್ತು ಡಿಜಿಟಲ್ ಬೋರ್ಡ್. ಹಳೇದಾಗಿರುವುದು ಎರಡನೆಯದು. ಚಿತ್ರ, ಸದ್ದು ಎರಡನ್ನೂ ಟಿವಿಗೆ ಒಯ್ಯುವುದು ಎಚ್‌ಡಿಎಂಐ ಕೇಬಲ್. ಟಿವಿಯ ಸದ್ದನ್ನು ಅದೇ ಕೇಬಲ್ಲಿನಲ್ಲಿ ವಾಪಸ್ ತರುವ ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4 ಆವೃತ್ತಿಯಲ್ಲಿ. ಸೆಕೆಂಡಿಗೆ 60 ಫ್ರೇಮ್ ಫೋರ್‌ಕೆ ಬಂದದ್ದು 2013ರ 2.0ರಲ್ಲಿ. 2008ರ ಡಬ್ಬಿಗೆ ಇವೆರಡೂ ಗೊತ್ತಿಲ್ಲ, ಪಾಪ.

ಅಜ್ಜನ ಕಾಲದ ತೊಟ್ಟಿ ಮನೆ ಇದೆ. ಗೋಡೆ ಗಟ್ಟಿ. ಆದರೆ ಕಾರು ಒಳಗೆ ಹೋಗಲ್ಲ. ಮನೆ ಕೆಡವುತ್ತೀರಾ? ಕಾರು ಬೀದಿಯಲ್ಲಿ ನಿಲ್ಲಿಸಿ, ನೀವು ನಡೆದು ಒಳಗೆ ಹೋಗುತ್ತೀರಿ. ಇಲ್ಲೂ ಹಾಗೇ. ಚಿತ್ರ ಟಿವಿಯಲ್ಲೇ ಇಳಿದುಕೊಳ್ಳಲಿ, ಸದ್ದು ಮಾತ್ರ ಒಳಗೆ ಬರಲಿ. ಬಾಕ್ಸು, ಪ್ಲೇಯರ್ ಎಲ್ಲವನ್ನೂ ನೇರ ಟಿವಿಗೆ ಚುಚ್ಚಿ. ಟಿವಿಯಿಂದ ರಿಸೀವರ್‌ಗೆ ಒಂದು ಆಪ್ಟಿಕಲ್ ಕೇಬಲ್, ಅಂದರೆ ಸದ್ದನ್ನು ಬೆಳಕಿನಲ್ಲಿ ಸಾಗಿಸುವ ಕೇಬಲ್. ಕೆಲವು ನೂರು ರೂಪಾಯಿ.

[ಕ್ಲೋಸಪ್: ಕೇಬಲ್ಲಿನ ತುದಿ]

ತುದಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ಟೋಪಿ ಇದೆ, ಕಾಣ್ತಿದೆಯಾ? ಇದನ್ನು ತೆಗೆಯದೆ ಚುಚ್ಚಲು ಹೋಗಿ, "ಸಾಕೆಟ್ಟೇ ಸರಿ ಇಲ್ಲ" ಅಂತ ಅರ್ಧ ಗಂಟೆ ಬೈದವನು ನಾನೇ. ಈಗ ಈ ತುದಿಯನ್ನು ಟಿವಿಗೆ ಹಾಕಿದೆ. ಇನ್ನೊಂದು ತುದಿ ಅಂಗೈ ಮೇಲೆ. ಕುಂಕುಮದ ಚುಕ್ಕೆಯಷ್ಟು ಕೆಂಪು ಬೆಳಕು. ಇದು ಹತ್ತಿ ಆರುವುದರಲ್ಲೇ ಐದು ಸ್ಪೀಕರಿನ ಸದ್ದು ಇದೆ. ತೋಷಿಬಾದವರು 1983ರಲ್ಲಿ ತಂದದ್ದು, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಟಿವಿಯ ಸೌಂಡ್ ಮೆನುಗೆ ಹೋಗಿ, ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಇದ್ದರೆ ಡಾಲ್ಬಿ ಡಿಜಿಟಲ್ ಅಂತ ಬದಲಿಸಿ. ಇಲ್ಲದಿದ್ದರೆ ಬರೀ ಸ್ಟೀರಿಯೋ ಬರುತ್ತದೆ. ತಲೆ ಮೇಲಿಂದಲೂ ಸದ್ದು ಕೇಳಿಸುವ ಅಟ್ಮೋಸ್ ಮಾತ್ರ ಈ ದಾರಿಯಲ್ಲಿ ಬರಲ್ಲ. ಅದು ಬೇಕೇ ಬೇಕು ಅಂದರೆ ಹೊಸ ರಿಸೀವರ್ರೂ ಬೇಕು, ಇನ್ನಷ್ಟು ಸ್ಪೀಕರ್ರೂ ಬೇಕು. ಹತ್ತು ಸಾವಿರದ ಮಾತಲ್ಲ.

"ಆದರೂ ಹೊಸದರಲ್ಲಿ ವ್ಯಾಟ್ ಜಾಸ್ತಿ ಅಲ್ವಾ?" ಹಾ! ಈ ಪ್ರಶ್ನೆಗೇ ಕಾಯ್ತಿದ್ದೆ.

ಹಳೇ ಟೇಪ್ ರೆಕಾರ್ಡರ್ ನೆನಪಿದೆಯಾ? ಮುಂದುಗಡೆ ಮಿರಮಿರ ಮಿಂಚುವ ಸ್ಟಿಕ್ಕರ್: 1000 ವ್ಯಾಟ್ ಪಿಎಂಪಿಒ! ಕರೆಂಟ್ ಹೋದರೆ ಅದೇ ಸೆಟ್ಟು ಆರು ದಪ್ಪ ಸೆಲ್ಲಿನಲ್ಲಿ ಹಾಡುತ್ತಿತ್ತು. ನಮ್ಮನೆ ಮಿಕ್ಸಿ 750 ವ್ಯಾಟ್. ಚಟ್ನಿಪುಡಿಗೆ ತಿರುಗಿಸಿದರೆ ಬೀದಿಗೆಲ್ಲ ಕೇಳುತ್ತದೆ. ಆರು ಸೆಲ್ಲಿಗೆ ಅದಕ್ಕಿಂತ ಜಾಸ್ತಿ ಕಸುವು ಇದ್ದಿದ್ದರೆ ಅಮ್ಮ ಮಿಕ್ಸಿಗೂ ಸೆಲ್ ಹಾಕಿಬಿಡುತ್ತಿದ್ದರು! ಪಿಎಂಪಿಒ ಅನ್ನುವ ಈ ಗರಿಷ್ಠ ಶಕ್ತಿಯ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇರಲಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕವನ್ನು ಉಬ್ಬಿಸಿ ಬರೆಯುತ್ತಿದ್ದರು. ನಾವೂ ಸ್ಟಿಕ್ಕರ್ ಕೀಳದೆ ಜೋಪಾನ ಮಾಡುತ್ತಿದ್ದೆವು.

ರಿಸೀವರ್‌ಗಳದ್ದು ಅಷ್ಟು ಬುರುಡೆ ಅಲ್ಲ. ಆದರೂ ಚಾನೆಲ್‌ಗೆ (ಒಂದೊಂದು ಸ್ಪೀಕರ್‌ಗೆ) 100 ವ್ಯಾಟ್ ಅಂದರೆ ಸಾಮಾನ್ಯವಾಗಿ ಎರಡೇ ಚಾನೆಲ್ ಓಡಿಸಿ ಅಳೆದದ್ದು. ಅದೂ ಇರಲಿ. ನಿಮ್ಮದು 50 ವ್ಯಾಟ್, ಅಂಗಡಿಯದು 100 ಅಂದುಕೊಳ್ಳಿ. ಸದ್ದು ದುಪ್ಪಟ್ಟಾ? ಇಲ್ಲ. ಏರುವುದು 3 ಡೆಸಿಬೆಲ್, ಅಷ್ಟೇ. ದುಪ್ಪಟ್ಟಾಯಿತು ಅಂತ ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ, ಅಂದರೆ 500 ವ್ಯಾಟ್ ಬೇಕು. ಇನ್ನೂ ತಮಾಷೆ ಕೇಳಿ. 88 ಡೆಸಿಬೆಲ್ ಸೆನ್ಸಿಟಿವಿಟಿ ಇರುವ ಸ್ಪೀಕರ್‌ಗೆ ಒಂದೇ ಒಂದು ವ್ಯಾಟ್ ಕೊಟ್ಟರೆ, ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಸದ್ದು. ರಾತ್ರಿ ಹತ್ತಕ್ಕೆ ಅಷ್ಟಿಟ್ಟರೆ ಮೇಲಿನ ಮನೆಯವರು ಕೆಳಗಿಳಿದು ಬರುತ್ತಾರೆ. ಬಾಂಬ್ ಸಿಡಿಯುವ ಗಳಿಗೆಗೆ ಹತ್ತಾರು ವ್ಯಾಟ್ ಬೇಕು, ನಿಜ. ಅದು ಈ ಡಬ್ಬಿಯಲ್ಲಿ ಇದ್ದೇ ಇದೆ.

[ಗಡಿಯಾರ ನೋಡುತ್ತಾ]

ಅಯ್ಯೋ, ಮಿಕ್ಸಿ ಕಥೆಯಲ್ಲೇ ಟೈಮ್ ಆಯ್ತು. ಉಳಿದದ್ದು ಫಟಾಫಟ್. ರಿಸೀವರ್ ತಲೆ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ, ಬಿಸಿಗಾಳಿ ಹೋಗಲು ಜಾಗ ಬಿಡಿ. ಧೂಳನ್ನು ಪ್ಲಗ್ ಕಿತ್ತ ಮೇಲೆ ಬ್ರಷ್‌ನಿಂದ ತೆಗೆಯಿರಿ. ಡ್ರಾಯರ್‌ನಲ್ಲಿ ಬಿದ್ದಿರುವ ಪುಟ್ಟ ಮೈಕ್ ರಿಸೀವರ್ ಜೊತೆ ಬಂದದ್ದಾದರೆ, ಅದನ್ನು ಚುಚ್ಚಿ, ಸ್ಪೀಕರ್‌ಗಳನ್ನು ತಾನೇ ಅಳೆದು ಹೊಂದಿಸುವ ಆಟೋ ಸೆಟಪ್ ಇನ್ನೊಮ್ಮೆ ಓಡಿಸಿ. ಎಸ್.ಪಿ. ರೋಡ್‌ನಲ್ಲೋ ಅಮೆರಿಕದ ಮಾವನಿಂದಲೋ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹಿಂದಿನ ಲೇಬಲ್ ಓದಿ. 120 ವೋಲ್ಟ್ ಅಂತ ಇದ್ದರೆ ನಮ್ಮ 230ಕ್ಕೆ ನೇರ ಚುಚ್ಚಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ದುಡ್ಡು ಉಳಿಯಿತಲ್ಲ, ಅದನ್ನು ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರ್‌ಗೆ ಹಾಕಿ. ರಿಸೀವರ್ ಮೆನುವಿನಲ್ಲಿ ಉಳಿದ ಸ್ಪೀಕರ್‌ಗಳನ್ನು ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ. ಅದಕ್ಕಿಂತ ಕೆಳಗಿನ ದಪ್ಪ ಸದ್ದು ಸಬ್‌ವೂಫರ್‌ಗೆ ಹೋಗುತ್ತದೆ. ಬೇಸ್ ಹೊರುವ ಕಷ್ಟ ಹಳೇ ರಿಸೀವರ್‌ಗೆ ತಪ್ಪುತ್ತದೆ. ಆದರೆ 40 ಹರ್ಟ್ಸ್ ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ, ನಮ್ಮ ಹಾಲ್‌ಗಿಂತ ದೊಡ್ಡದು. ಗೋಡೆಗೆ ಬಡಿದು ವಾಪಸ್ ಬಂದು, ಒಂದು ಕಡೆ ಗುಡುಗುತ್ತದೆ, ಇನ್ನೊಂದು ಕಡೆ ಕೇಳುವುದೇ ಇಲ್ಲ. ಅದಕ್ಕೆ ಸಬ್‌ವೂಫರನ್ನೇ ನೀವು ಕೂರುವ ಸೋಫಾ ಮೇಲಿಟ್ಟು, ನೀವು ಗೋಡೆ ಪಕ್ಕ ತೆವಳಬೇಕು. ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ.

ನಿನ್ನೆ ನಾನು ಟಿವಿ ಸ್ಟ್ಯಾಂಡಿನ ಸಂದಿಯಲ್ಲಿ ಅಂಬೆಗಾಲಿಡುತ್ತಿದ್ದೆ. ಅಮ್ಮ ಕಾಫಿ ಹಿಡಿದು ಬಂದರು.

"ಏನೋ ಕಳ್ಕೊಂಡೆ?"

"ಬೇಸ್ ಹುಡುಕ್ತಿದೀನಿ ಅಮ್ಮಾ."

"ಸೋಫಾ ಕೆಳಗೆ ನೋಡು. ರಿಮೋಟೂ ಅಲ್ಲೇ ಸಿಗೋದು."